ಭಾಭಾಟ್ರಾನ್ ರಿವ್ಯೂ: ಕರೆಂಟ್ ಕೈಕೊಡುವ ಊರಿಗೆ ಸರಿಹೊಂದುವ ರೇಡಿಯೇಷನ್ ಯಂತ್ರ

ಮಿಕ್ಸಿಗೆ, ಫೋನಿಗೆಲ್ಲ ರಿವ್ಯೂ ಬರೆಯುತ್ತಾರೆ, ಕ್ಯಾನ್ಸರ್ ಯಂತ್ರಕ್ಕೂ ಒಂದಿರಲಿ. ನಾನು ರೇಡಿಯೋಥೆರಪಿ ಟೆಕ್ನಾಲಜಿಸ್ಟ್, ಅಂದರೆ ಕ್ಯಾನ್ಸರ್ ರೋಗಿಗಳಿಗೆ ಕಿರಣ ಚಿಕಿತ್ಸೆ ಕೊಡುವವನು, ಕೋಬಾಲ್ಟ್ ರೂಮಿನ ಪಕ್ಕದಲ್ಲೇ ಅರ್ಧ ಆಯುಷ್ಯ ಕಳೆದವನು.

ಭಾಭಾಟ್ರಾನ್ ಮುಂಬೈನ ಬಾರ್ಕ್ (ಭಾಭಾ ಅಣು ಸಂಶೋಧನಾ ಕೇಂದ್ರ) ವಿನ್ಯಾಸ ಮಾಡಿದ್ದು. ತಯಾರಿಸುವುದು ನಮ್ಮ ಬೆಂಗಳೂರಿನ ಪ್ಯಾನೇಸಿಯಾ ಕಂಪನಿ. ಒಳಗಿರುವ ಕೋಬಾಲ್ಟ್-60 ಎಂಬ ವಿಕಿರಣಶೀಲ ಲೋಹ (ನಾವು ಸೋರ್ಸ್ ಅನ್ನುವುದು ಇದನ್ನೇ) ತಾನಾಗಿಯೇ ಗಾಮಾ ಕಿರಣ ಬಿಡುತ್ತಿರುತ್ತದೆ. ಯಂತ್ರ ತಿರುಗಿಸಲು, ಸೋರ್ಸನ್ನು ಮುಂದೆ ತಂದು ಮತ್ತೆ ಒಳಗೆ ಕಳಿಸಲು ಮಾತ್ರ ಕರೆಂಟ್ ಬೇಕು, ಅದಕ್ಕೂ ಬ್ಯಾಟರಿ ಇದೆ. ಕರೆಂಟಿನಿಂದಲೇ ಕಿರಣ ಹುಟ್ಟಿಸುವ ಲೀನಿಯರ್ ಆಕ್ಸಿಲರೇಟರ್ ಹಾಗಲ್ಲ. ವೋಲ್ಟೇಜ್ ಸರಿಯಿರಬೇಕು, ಏಸಿ ಓಡಬೇಕು, ಯಂತ್ರ ತಂಪಾಗಿಡುವ ಚಿಲ್ಲರ್ ಕೆಡಬಾರದು, ಒಂದು ಬೋರ್ಡ್ ಸುಟ್ಟರೆ ಇಂಜಿನಿಯರ್ ಬರುವ ತನಕ ರೋಗಿಗಳೆಲ್ಲ ಬೆಂಚಿನ ಮೇಲೆ ಕಾಯಬೇಕು.

ಅದಕ್ಕೇ ಇದು ಹೊರದೇಶಕ್ಕೂ ಹೋಗಿದೆ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಪ್ಯಾಕ್ಟ್ ಎಂಬ ಕ್ಯಾನ್ಸರ್ ಚಿಕಿತ್ಸಾ ಕಾರ್ಯಕ್ರಮದ ಮೂಲಕ ಭಾರತ ಒಂದನ್ನು ವಿಯೆಟ್ನಾಂನ ಕ್ಯಾಂತೋ ಆಸ್ಪತ್ರೆಗೆ ಉಚಿತವಾಗಿ ಕೊಟ್ಟಿತು. 2016ರಲ್ಲಿ ಕೀನ್ಯಾದ ಕೆನ್ಯಾಟ್ಟಾ ಆಸ್ಪತ್ರೆಗೂ ಒಂದು ಉಡುಗೊರೆ ಘೋಷಣೆಯಾಯಿತು. ಯಂತ್ರವೇ ಇಲ್ಲದ ಕಡೆ "ಕೋಬಾಲ್ಟ್ ಹಳೇದು" ಅಂತ ಮೂಗು ಮುರಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗರ್ಭಕಂಠದ ಕ್ಯಾನ್ಸರಿಗೆ ಇದರಲ್ಲಿ ಚೆನ್ನಾಗಿಯೇ ಚಿಕಿತ್ಸೆ ಕೊಡಬಹುದು. ಮೂಳೆಗೆ ಹರಡಿ ನೋವಿನಿಂದ ನಿದ್ದೆಯಿಲ್ಲದವರಿಗೆ 8 ಗ್ರೇ (ಗ್ರೇ ಅಂದರೆ ಕಿರಣದ ಡೋಸ್ ಅಳೆಯುವ ಮಾನ) ಒಂದೇ ಸಲ ಕೊಟ್ಟರೂ ಎಷ್ಟೋ ಜನರಿಗೆ ನೋವು ಇಳಿಯುತ್ತದೆ.

ಕೊರತೆಗಳೂ ಇವೆ, ಸುಮ್ನೆ ಹೊಗಳುವುದಿಲ್ಲ. ಯಾವ ಕೋಬಾಲ್ಟ್ ಯಂತ್ರವಾದರೂ ಕಿರಣದ ಅಂಚು ಚೂಪಾಗಿರುವುದಿಲ್ಲ, ಚರ್ಮಕ್ಕೆ ಬೀಳುವ ಡೋಸ್ ಜಾಸ್ತಿ. ಬಾಯಿ, ಗಂಟಲಿನ ಕ್ಯಾನ್ಸರಿನಲ್ಲಿ ಜೊಲ್ಲುಗ್ರಂಥಿ ಉಳಿಸಬೇಕೆಂದರೆ ಲೀನಿಯರ್ ಯಂತ್ರವೇ ಮೇಲು. ಇನ್ನೊಂದು, ಸೋರ್ಸ್ ಸವೆಯುತ್ತದೆ. 5.27 ವರ್ಷಕ್ಕೆ ಅದರ ಶಕ್ತಿ ಅರ್ಧ, ಎರಡು ನಿಮಿಷದ ಚಿಕಿತ್ಸೆಗೆ ಆಗ ನಾಲ್ಕು ನಿಮಿಷ. ನಾನು ಮೊದಲು ಕೆಲಸ ಮಾಡಿದ ಆಸ್ಪತ್ರೆಯಲ್ಲಿ ಬೇರೆ ಕಂಪನಿಯ ಹಳೇ ಯಂತ್ರವಿತ್ತು, ಸೋರ್ಸ್ ಬದಲಿಸಲು ದುಡ್ಡು ಮಂಜೂರಾಗದೆ ಎಳೆದಾಡುತ್ತಿದ್ದರು. ಮೈಮೇಲೆ ಇಂಕಿನ ಗೀಟು ಹಾಕಿಸಿಕೊಂಡು ಅಲುಗಾಡದೆ ಮಲಗಿದ್ದ ಅಜ್ಜಿ ಒಳಗಿನಿಂದ "ಇನ್ನೂ ಮುಗೀಲಿಲ್ವೇನಪ್ಪಾ?" ಅಂತ ಕೂಗುತ್ತಿದ್ದರು. ಏನಂತ ಉತ್ತರ ಕೊಡುವುದು?

ನನ್ನ ಪ್ರಕಾರ ಐದಕ್ಕೆ ನಾಲ್ಕು. ದಾನವಾಗಿ ಪಡೆಯುವ ಆಸ್ಪತ್ರೆಗಳು ರಿಬ್ಬನ್ ಕತ್ತರಿಸುವ ಮೊದಲೇ ಕೇಳಿಕೊಳ್ಳಬೇಕು: ಮುಂದಿನ ಸೋರ್ಸಿಗೆ ದುಡ್ಡು ಯಾರದ್ದು, ಡೋಸ್ ಲೆಕ್ಕ ಹಾಕುವ ಮೆಡಿಕಲ್ ಫಿಸಿಸಿಸ್ಟ್ ಎಲ್ಲಿಂದ ಬರುತ್ತಾರೆ, ಸವೆದ ಕೋಬಾಲ್ಟನ್ನು ವಾಪಸ್ ಒಯ್ಯುವವರು ಯಾರು. ಬಾಯಿಮಾತು ಬೇಡ, ಒಪ್ಪಂದದಲ್ಲೇ ಬರೆಸಿಕೊಳ್ಳಿ.