ಆಯಿಲ್ ಕುಡಿಯುವ ಹಳೆ ಡರ್ಟ್ ಬೈಕ್: ಹೊಗೆ ನೋಡಬೇಕೋ, ಕಂಪ್ರೆಷನ್ನೋ, ಲೀಕ್‌ಡೌನೋ?

ಫೋರ್ ಸ್ಟ್ರೋಕ್ ಗಾಡಿಯಾದರೆ ಮೊದಲು ಆಯಿಲ್ ಮಟ್ಟ ನೋಡಿ. ಹೆಚ್ಚು ತುಂಬಿಸಿದ್ದರೆ ಬ್ರೀದರ್ ಪೈಪಿನಿಂದ (ಎಂಜಿನ್ ಒಳಗಿನ ಗಾಳಿ ಹೊರಬರುವ ಪೈಪು) ಏರ್‌ಬಾಕ್ಸಿಗೆ (ಏರ್ ಫಿಲ್ಟರ್ ಇರುವ ಡಬ್ಬಿ) ನುಗ್ಗಿಯೂ ಹೊಗೆಯಾಗುತ್ತದೆ.

ಹೊಗೆ ನೋಡಲು ಕಾಸು ಬೇಡ. ಇಳಿಜಾರಿನಲ್ಲಿ ಥ್ರಾಟಲ್ ಬಿಟ್ಟು ಗೇರಿನಲ್ಲೇ ಇಳಿದು, ಕೆಳಗೆ ಮತ್ತೆ ತಿರುವಿದಾಗ ನೀಲಿ ಹೊಗೆ ಬುಸ್ಸೆಂದರೆ ಅನುಮಾನ ವಾಲ್ವ್ ಸೀಲ್ (ವಾಲ್ವ್ ಕಡ್ಡಿಗುಂಟ ಆಯಿಲ್ ಇಳಿಯದಂತೆ ತಡೆಯುವ ರಬ್ಬರ್) ಮೇಲೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಬಂದರೂ ಅದೇ. ಏರುದಾರಿಯಲ್ಲಿ ಎಳೆಯುವಾಗ ಬಿಡದೆ ಬಂದರೆ ಪಿಸ್ಟನ್ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿರಬೇಕು. ಹಳೆ ಗಾಡಿ ಕೊಳ್ಳಲು ಹೋದವರಿಗೆ ಇಷ್ಟು ಸಾಕು.

ಸ್ವಂತ ಗಾಡಿಗೆ, ಮನೆಯಲ್ಲೇ ಆದರೆ ಕಂಪ್ರೆಷನ್ ಗೇಜ್: ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿಗೆ ಹಾಕಿ ಸಿಲಿಂಡರಿನ ಒತ್ತಡ ಅಳೆಯುವುದು. ಥ್ರಾಟಲ್ ಪೂರ್ತಿ ತೆರೆದು ಕಿಕ್ ಹೊಡೆಯಿರಿ. ಪ್ಲಗ್ ತೂತಿಗೆ 5 ಮಿ.ಲೀ. ಆಯಿಲ್ ಬಿಟ್ಟು ಮತ್ತೊಮ್ಮೆ. ಅಂಕಿ ಜಿಗಿದರೆ ರಿಂಗ್ ಸವೆದಿದೆ. ಆಟೋ ಡಿಕಂಪ್ರೆಷನ್ (ಸ್ಟಾರ್ಟ್ ಸುಲಭವಾಗಲೆಂದು ಒತ್ತಡ ತಾನೇ ಇಳಿಸುವ ವ್ಯವಸ್ಥೆ) ಇರುವ ಎಂಜಿನ್ನಿನಲ್ಲಿ ಅಂಕಿ ಹೇಗೂ ಕಡಿಮೆ. ಅದನ್ನೇ ನಂಬಿ ಬೋರ್ ಮಾಡಿಸಬೇಡಿ (ಸಿಲಿಂಡರ್ ಕೊರೆಸಬೇಡಿ).

ಅಂಥ ಗಾಡಿಗೆ, ದೊಡ್ಡ ಖರ್ಚಿಗೆ ಮುನ್ನ, ಲೀಕ್‌ಡೌನ್ ವಾಸಿ: ಸಿಲಿಂಡರಿಗೆ ಗಾಳಿ ತುಂಬಿ ಎಲ್ಲಿ ಸೋರುತ್ತದೆಂದು ನೋಡುವ ಟೆಸ್ಟ್. ಏರ್ ಕಂಪ್ರೆಸರ್ ಬೇಕು. ವಾಲ್ವ್‌ಗಳು ಮುಚ್ಚಿರುವಂತೆ ಪಿಸ್ಟನ್ ಮೇಲ್ತುದಿಗೆ ತಂದು, ಕ್ರ್ಯಾಂಕ್ ತಿರುಗದಂತೆ ಹಿಡಿದು ಗಾಳಿ ಬಿಡಿ. ಬ್ರೀದರಿನಲ್ಲಿ ಜೋರಾಗಿ ಸುಯ್‌ಗುಟ್ಟಿದರೆ ರಿಂಗ್, ಸೈಲೆನ್ಸರಿನಲ್ಲಾದರೆ ಎಕ್ಸಾಸ್ಟ್ ವಾಲ್ವ್. ವಾಲ್ವ್ ಸೀಲ್ ಹೋಗಿರುವುದು ಮಾತ್ರ ಇದರಲ್ಲಿ ಕಾಣುವುದಿಲ್ಲ. ಆಯಿಲ್ ರಿಂಗ್ (ಗೋಡೆಯ ಆಯಿಲ್ ಕೆರೆಯುವ ಕೆಳಗಿನ ರಿಂಗ್) ಮಸಿಗೆ ಅಂಟಿಕೊಂಡಿದ್ದರೆ ಎರಡೂ ಟೆಸ್ಟ್ ಪಾಸಾಗಬಹುದು. ಆಗ ಬ್ಲಾಕ್ (ಸಿಲಿಂಡರ್) ಬಿಚ್ಚದೆ ವಿಧಿಯಿಲ್ಲ.