ಡ್ರೈವರ್ ಸ್ಟೋರ್ ಎಕ್ಸ್‌ಪ್ಲೋರರ್: ಲ್ಯಾಪ್‌ಟಾಪ್ ಸೌಂಡ್ ಕೆಟ್ಟಾಗ ನಾನು ತೆರೆಯುವ ಸಾಫ್ಟ್‌ವೇರ್

ಅನ್‌ಇನ್‌ಸ್ಟಾಲ್ ಒತ್ತಿದರೆ ಸಾಫ್ಟ್‌ವೇರ್ ಪೂರ್ತಿ ಹೋಗುತ್ತದೆ ಅಂತ ನಂಬಿರುವವರು ಒಮ್ಮೆ ಡ್ರೈವರ್ ಸ್ಟೋರ್ ಎಕ್ಸ್‌ಪ್ಲೋರರ್ ತೆರೆದು ನೋಡಬೇಕು. ವಿಂಡೋಸ್ ಕೂಡಿಟ್ಟುಕೊಂಡ ಡ್ರೈವರುಗಳನ್ನು, ಅಂದರೆ ಸ್ಪೀಕರ್, ಮೈಕ್, ಗ್ರಾಫಿಕ್ಸ್‌ನಂಥ ಭಾಗಗಳನ್ನು ನಡೆಸುವ ಸಾಫ್ಟ್‌ವೇರ್ ತುಣುಕುಗಳನ್ನು, ಪಟ್ಟಿ ಮಾಡಿ ತೋರಿಸಿ ಬೇಡದ್ದನ್ನು ತೆಗೆಯುವುದು ಇದರ ಕೆಲಸ. ಇದು ವಿಂಡೋಸ್‌ನಲ್ಲಿ ಓಡುವ ಓಪನ್ ಸೋರ್ಸ್ ಸಾಫ್ಟ್‌ವೇರ್, ಪೂರ್ತಿ ಉಚಿತ. ಗಿಟ್‌ಹಬ್ ಸೈಟಿನಿಂದ ಜಿಪ್ ಫೈಲ್ ಇಳಿಸಿಕೊಂಡು, ಬಿಡಿಸಿ, ಅಡ್ಮಿನ್ ಆಗಿ ಓಡಿಸಿದರೆ ಆಯಿತು. ಇನ್‌ಸ್ಟಾಲ್ ಮಾಡುವ ಗೋಜಿಲ್ಲ. ಡಿಸ್ಕಿನಲ್ಲಿ ಜಾಗ ಉಳಿಸಲು ಇದನ್ನು ಬಳಸುವವರೇ ಜಾಸ್ತಿ. ಹಳೆಯ ಗ್ರಾಫಿಕ್ಸ್ ಡ್ರೈವರುಗಳನ್ನು ತೆಗೆದರೆ ಜಿಬಿಗಟ್ಟಲೆ ಜಾಗ ಸಿಗುವುದು ನಿಜ. ನಾನು ಕೆಲವು ವರ್ಷಗಳಿಂದ ಇದನ್ನು ಇಟ್ಟುಕೊಂಡಿರುವುದು ಬೇರೆ ಕಾರಣಕ್ಕೆ. ಸೌಂಡ್ ತೊಂದರೆಗೆ.

ನಾನು ಮನೆಯಲ್ಲೇ ಕೂತು ಧ್ವನಿ ರೆಕಾರ್ಡ್ ಮಾಡುತ್ತೇನೆ. ಲ್ಯಾಪ್‌ಟಾಪ್ ಜೊತೆಗೇ ಬಂದಿದ್ದ ಒಂದು ಸೌಂಡ್ ಎಫೆಕ್ಟ್ ಸಾಫ್ಟ್‌ವೇರ್ ಇಷ್ಟವಾಗದೆ ತೆಗೆದಿದ್ದೆ. ಆನ್‌ಲೈನ್ ಕ್ಲಾಸುಗಳ ಕಾಲದಲ್ಲಿ ಹಾಕಿಕೊಂಡಿದ್ದ, ಹಿನ್ನೆಲೆ ಗದ್ದಲ ಕತ್ತರಿಸುವ ಇನ್ನೊಂದನ್ನೂ ತೆಗೆದಿದ್ದೆ. ಆಪ್‌ಗಳ ಪಟ್ಟಿಯಲ್ಲಿ ಎರಡರ ಹೆಸರೂ ಇರಲಿಲ್ಲ. ಆದರೂ ರೆಕಾರ್ಡ್ ಮಾಡಿದ ಮಾತಿನಲ್ಲಿ ಪದಗಳ ಮೊದಲ ಅಕ್ಷರ ನುಂಗಿಹೋಗುತ್ತಿತ್ತು. ಸ್ಪೀಕರಿನಲ್ಲಿ ಹಾಡಿನ ವಾಲ್ಯೂಮ್ ತಾನಾಗಿ ಏರಿಳಿಯುತ್ತಿತ್ತು. ಅದೇ ಹಾಡು ಯುಎಸ್‌ಬಿ ಹೆಡ್‌ಫೋನಿನಲ್ಲಿ ಸರಿಯಾಗಿಯೇ ಕೇಳುತ್ತಿತ್ತು. ಇದು ಒಳ್ಳೆಯ ಸುಳಿವು. ಯುಎಸ್‌ಬಿ ಹೆಡ್‌ಫೋನಿಗೆ ತನ್ನದೇ ಸೌಂಡ್ ಚಿಪ್ ಇರುತ್ತದೆ, ಡ್ರೈವರ್ ಕೂಡ ಬೇರೆ. ಅಲ್ಲಿ ಸರಿಯಿದ್ದು ಇಲ್ಲಿ ಕೆಟ್ಟರೆ ತಪ್ಪು ಹಾಡಿನದ್ದೂ ಅಲ್ಲ, ಬ್ರೌಸರಿನದ್ದೂ ಅಲ್ಲ.

ರಿಪೇರಿಯವರು ಸ್ಪೀಕರ್ ಬದಲಿಸೋಣ ಅಂದರು. ಅದಕ್ಕೆ ಒಪ್ಪುವ ಮೊದಲು ಒಂದು ಕೆಲಸ ಮಾಡಿ. ವಿಂಡೋಸ್ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಉಬುಂಟುವನ್ನು ಪೆನ್‌ಡ್ರೈವಿಗೆ ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಬೂಟ್ ಮಾಡಿ, ಏನಾದರೂ ಹಾಡು ಹಾಕಿ ಕೇಳಿ. ಅಲ್ಲಿ ಸರಿಯಾಗಿ ಕೇಳಿದರೆ ಸ್ಪೀಕರ್ ಚೆನ್ನಾಗಿದೆ, ವಿಂಡೋಸ್ ಒಳಗೆ ಏನೋ ಕೆಟ್ಟಿದೆ ಅಂತ ಅರ್ಥ. ತೀರಾ ಬೇಕಾದ ಭಾಗಗಳಷ್ಟೇ ಓಡುವ ಸೇಫ್ ಮೋಡ್‌ನಲ್ಲಿ ನೋಡೋಣ ಅಂತ ಸುಮ್ನೆ ಹೊತ್ತು ಕಳೆಯಬೇಡಿ. ಸಾಮಾನ್ಯವಾಗಿ ಅಲ್ಲಿ ವಿಂಡೋಸ್‌ನ ಆಡಿಯೊ ಸರ್ವಿಸ್ ಶುರುವಾಗುವುದೇ ಇಲ್ಲ.

ಹೀಗೆ ಯಾಕಾಗುತ್ತದೆ? ವಿಂಡೋಸ್ ವಿಸ್ಟಾ ಕಾಲದಿಂದ ಸೌಂಡ್ ಎಫೆಕ್ಟುಗಳಿಗೆ ಎಪಿಒ (ಆಡಿಯೊ ಪ್ರೊಸೆಸಿಂಗ್ ಆಬ್ಜೆಕ್ಟ್) ಅನ್ನುವ ವ್ಯವಸ್ಥೆ ಇದೆ. ಬಾಸ್ ಏರಿಸುವುದು, ಗದ್ದಲ ಕತ್ತರಿಸುವುದು, ಸರೌಂಡ್ ಮಾಡುವುದು ಎಲ್ಲ ಚಿಕ್ಕಚಿಕ್ಕ ಡಿಎಲ್‌ಎಲ್ ಫೈಲುಗಳ ಕೆಲಸ. ವಿಂಡೋಸ್‌ನ ಆಡಿಯೊ ಎಂಜಿನ್ ಇವನ್ನು ತನ್ನೊಳಗೇ ಲೋಡ್ ಮಾಡಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಕಾಣುವ ಆಪ್ ಬರೀ ಗುಂಡಿಗಳಿರುವ ಕಿಟಕಿ. ವಿಂಡೋಸ್ 10ರ ಕಾಲದಿಂದ ಬಂದ ಹೊಸ ಬಗೆಯ ಡ್ರೈವರುಗಳಲ್ಲಿ ಇದು ಇನ್ನೂ ಹರಿದು ಹಂಚಿಹೋಗಿದೆ. ಮೂಲ ಡ್ರೈವರ್ ಒಂದು ಕಡೆ, ಲ್ಯಾಪ್‌ಟಾಪ್ ಕಂಪನಿಯ ಎಕ್ಸ್‌ಟೆನ್ಷನ್ ಇನ್ನೊಂದು ಕಡೆ, ಎಫೆಕ್ಟುಗಳ ಸಾಫ್ಟ್‌ವೇರ್ ಕಾಂಪೊನೆಂಟ್ ಮತ್ತೊಂದು ಕಡೆ, ಆಪ್ ಮಾತ್ರ ಮೈಕ್ರೋಸಾಫ್ಟ್ ಸ್ಟೋರಿನಲ್ಲಿ. ನೀವು ಆಪ್ ತೆಗೆದರೆ ಹೋಗುವುದು ಕೊನೆಯದು ಒಂದೇ. ಬಾಡಿಗೆಯವರು ಮನೆ ಖಾಲಿ ಮಾಡಿದರೂ ಗೋಡೆಯ ಮೊಳೆಗಳು ಹಾಗೇ ಉಳಿಯುತ್ತವಲ್ಲ, ಅದೇ ಕಥೆ. ಗುಂಡಿಗಳೇ ಇಲ್ಲದ ಮೇಲೆ ಎಫೆಕ್ಟನ್ನು ಆಫ್ ಮಾಡುವ ದಾರಿಯೂ ಸುಲಭಕ್ಕೆ ಸಿಗುವುದಿಲ್ಲ. ನನಗೆ ಸಿಟ್ಟು ಬರುವುದು ಇದಕ್ಕೇ.

ಈ ಉಳಿಕೆಗಳೆಲ್ಲ ಸಿಸ್ಟಮ್32 ಒಳಗಿನ ಡ್ರೈವರ್ ಸ್ಟೋರ್ ಅನ್ನುವ ಫೋಲ್ಡರಿನಲ್ಲಿ ಕೂತಿರುತ್ತವೆ. ಅಲ್ಲಿ ಕೈಯಾರೆ ಫೈಲ್ ಅಳಿಸಲು ಹೋಗಬೇಡಿ, ವಿಂಡೋಸ್‌ನ ಲೆಕ್ಕ ತಪ್ಪುತ್ತದೆ. ವಿಂಡೋಸ್‌ನಲ್ಲೇ ಪಿಎನ್‌ಪಿ ಯುಟಿಲ್ ಅನ್ನುವ ಕಮಾಂಡ್ ಇದೆ. ಅದು ಪ್ರತಿ ಡ್ರೈವರಿಗೂ ಓಇಎಂ ಅಂತ ಶುರುವಾಗುವ ಒಂದು ನಂಬರ್ ಕೊಟ್ಟು ಉದ್ದನೆಯ ಪಟ್ಟಿ ಸುರಿಯುತ್ತದೆ. ಕಪ್ಪು ಪರದೆಯಲ್ಲಿ ಅದನ್ನು ಓದುವುದು ತಲೆನೋವು. ಡ್ರೈವರ್ ಸ್ಟೋರ್ ಎಕ್ಸ್‌ಪ್ಲೋರರ್ ಅದೇ ಪಟ್ಟಿಯನ್ನು ಗುಂಪು ಗುಂಪಾಗಿ ತೋರಿಸುತ್ತದೆ. ತಯಾರಕರ ಹೆಸರು, ಆವೃತ್ತಿ, ತಾರೀಖು, ಗಾತ್ರ, ಯಾವ ಡಿವೈಸಿಗೆ ಸೇರಿದ್ದು, ಎಲ್ಲ ಒಂದೇ ಸಾಲಿನಲ್ಲಿ.

 ನಾನು ಸೌಂಡ್ ಗುಂಪು, ಎಕ್ಸ್‌ಟೆನ್ಷನ್ ಗುಂಪು, ಸಾಫ್ಟ್‌ವೇರ್ ಕಾಂಪೊನೆಂಟ್ ಗುಂಪು, ಈ ಮೂರನ್ನೇ ನೋಡುವುದು. ನನ್ನ ಲ್ಯಾಪ್‌ಟಾಪಿನಲ್ಲಿ ತೆಗೆದುಹಾಕಿದ್ದ ಎರಡೂ ಕಂಪನಿಗಳ ಹೆಸರು ಅಲ್ಲಿ ಆರಾಮವಾಗಿ ಕೂತಿದ್ದವು. ಟಿಕ್ ಮಾಡಿ ಡಿಲೀಟ್ ಒತ್ತಿದರೆ ಬಳಕೆಯಲ್ಲಿಲ್ಲದ್ದು ತಕ್ಷಣ ಹೋಗುತ್ತದೆ. ಬಳಕೆಯಲ್ಲಿದ್ದರೆ ಆಗುವುದಿಲ್ಲ ಅಂತ ಹೇಳುತ್ತದೆ. ಅಂಥದ್ದಕ್ಕೆ ಫೋರ್ಸ್ ಡಿಲೀಶನ್ ಅಂತ ಇನ್ನೊಂದು ಟಿಕ್ ಇದೆ. ಅದನ್ನು ಮುಟ್ಟುವ ಮೊದಲು ನಾನು ಡಿವೈಸ್ ಮ್ಯಾನೇಜರ್ ತೆರೆದು, ವ್ಯೂ ಮೆನುವಿನಲ್ಲಿ ಹಿಡನ್ ಡಿವೈಸುಗಳನ್ನು ತೋರಿಸಲು ಹೇಳಿ, ಮಸುಕಾಗಿ ಕಾಣುವ ಹಳೆಯ ವರ್ಚುವಲ್ ಮೈಕುಗಳನ್ನು (ಸಾಫ್ಟ್‌ವೇರ್ ಹುಟ್ಟಿಸಿದ ತೋರಿಕೆಯ ಮೈಕುಗಳು) ಅಲ್ಲಿಂದ ತೆಗೆಯುತ್ತೇನೆ. ಆಮೇಲೆ ಫೋರ್ಸ್ ಬೇಕಾಗುವುದೇ ಅಪರೂಪ.

ರೀಸ್ಟಾರ್ಟ್ ಮಾಡಿದ ಮೇಲೆ ಅಕ್ಷರ ನುಂಗುವುದು ನಿಂತಿತು. ಸ್ಪೀಕರಿನ ತೊಂದರೆ ಪೂರ್ತಿ ಹೋಗಲಿಲ್ಲ. ಈ ಸಾಫ್ಟ್‌ವೇರಿನ ಮಿತಿ ಇರುವುದೇ ಇಲ್ಲಿ. ಇದು ಡ್ರೈವರ್ ಪ್ಯಾಕೇಜ್ ಮಾತ್ರ ತೆಗೆಯುತ್ತದೆ. ಎಫೆಕ್ಟ್ ಕಂಪನಿ ಬಿಟ್ಟುಹೋದ, ಹಿನ್ನೆಲೆಯಲ್ಲಿ ಓಡುವ ಸರ್ವಿಸ್, ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಸ್ಪೀಕರಿನ ಹೆಸರಿಗೆ ಅಂಟಿಸಿದ ಎಫೆಕ್ಟ್ ಸೆಟ್ಟಿಂಗ್ ಇದರ ಕಣ್ಣಿಗೆ ಬೀಳುವುದಿಲ್ಲ. ಸರ್ವಿಸ್ ಹುಡುಕಲು, ತಾನಾಗಿ ಶುರುವಾಗುವುದನ್ನೆಲ್ಲ ಪಟ್ಟಿ ಮಾಡುವ ಮೈಕ್ರೋಸಾಫ್ಟಿನದೇ ಸಾಫ್ಟ್‌ವೇರ್ ಆಟೋರನ್ಸ್ ಒಳ್ಳೆಯದು. ರಿಜಿಸ್ಟ್ರಿಗೆ ಕೈ ಹಾಕಲು ಧೈರ್ಯವಿಲ್ಲದಿದ್ದರೆ ಸೆಟ್ಟಿಂಗ್ಸ್‌ನ ಸೌಂಡ್ ಪುಟದಲ್ಲಿ ಸ್ಪೀಕರ್ ಆರಿಸಿ, ಆಡಿಯೊ ಎನ್‌ಹಾನ್ಸ್‌ಮೆಂಟ್ಸ್ ಆಫ್ ಮಾಡಿ. ನನಗೆ ಅಷ್ಟೇ ಸಾಕಾಯಿತು. ನೆಂಟರ ಒಂದು ಹಳೆಯ ಡೆಸ್ಕ್‌ಟಾಪಿಗೆ ಅದೂ ಸಾಲಲಿಲ್ಲ. ಅಲ್ಲಿ ಕಂಪನಿಯ ಡ್ರೈವರ್ ಬಿಟ್ಟು, ವಿಂಡೋಸ್ ಜೊತೆ ಬರುವ ಹೈ ಡೆಫಿನಿಷನ್ ಆಡಿಯೊ ಡಿವೈಸ್ ಅನ್ನುವ ಸಾದಾ ಡ್ರೈವರ್ ಹಾಕಿದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಈ ಉಪಾಯ ಯಾವಾಗಲೂ ನಡೆಯುವುದಿಲ್ಲ. ಕೆಲವದರಲ್ಲಿ ಒಳಗಿನ ಮೈಕ್ ಕೆಲಸ ನಿಲ್ಲಿಸಬಹುದು.

ದೂರುಗಳೂ ಇವೆ. ಸೆಲೆಕ್ಟ್ ಓಲ್ಡ್ ಡ್ರೈವರ್ಸ್ ಅನ್ನುವ ಗುಂಡಿ ಆಸೆ ಹುಟ್ಟಿಸುತ್ತದೆ. ಒತ್ತಿದರೆ ಒಂದೇ ಡ್ರೈವರಿನ ಹಳೆಯ ಆವೃತ್ತಿಗಳನ್ನೆಲ್ಲ ಟಿಕ್ ಮಾಡಿಬಿಡುತ್ತದೆ. ಸೌಂಡ್ ತೊಂದರೆಗೆ ಇದರಿಂದ ಏನೂ ಉಪಯೋಗವಿಲ್ಲ. ತೊಂದರೆ ಕೊಡುವ ತುಣುಕಿಗೆ ಹೊಸ ಆವೃತ್ತಿಯೇ ಇರುವುದಿಲ್ಲ, ಹಾಗಾಗಿ ಅದು ಟಿಕ್ ಆಗುವುದೂ ಇಲ್ಲ! ಯಾವುದು ಬೇಕು, ಯಾವುದು ಬೇಡ ಅಂತ ವಿವರಿಸುವ ಒಂದು ಸಾಲೂ ಪರದೆಯಲ್ಲಿಲ್ಲ. ಅಳಿಸಿದ್ದನ್ನು ವಾಪಸ್ ತರುವ ಗುಂಡಿಯೂ ಇಲ್ಲ. ಅದಕ್ಕೇ ಮೊದಲು ರಿಸ್ಟೋರ್ ಪಾಯಿಂಟ್ ಮಾಡಿ, ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ನಿಮ್ಮ ಮಾಡೆಲಿನ ಆಡಿಯೊ ಡ್ರೈವರ್ ಇಳಿಸಿ ಇಟ್ಟುಕೊಳ್ಳಿ. ಕಂಪ್ಯೂಟರ್ ಅಂದರೆ ಭಯಪಡುವ ಅಪ್ಪ ಅಮ್ಮನ ಕೈಗೆ ಕೊಡುವ ಸಾಫ್ಟ್‌ವೇರ್ ಇದಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಜಾಹೀರಾತಿಲ್ಲ, ಹಣ ಕೇಳುವುದಿಲ್ಲ, ನಿಮ್ಮ ಕಂಪ್ಯೂಟರಿನಲ್ಲಿ ನೂರಾರು ದೋಷಗಳಿವೆ ಅಂತ ಹೆದರಿಸುವುದಿಲ್ಲ. ಡ್ರೈವರ್ ಕ್ಲೀನರ್ ಅಂತ ಹೇಳಿಕೊಂಡು ಬರುವ ಎಷ್ಟೋ ಸಾಫ್ಟ್‌ವೇರುಗಳು ತಾವೇ ಉಳಿಕೆ ಬಿಟ್ಟು ಹೋಗುತ್ತವೆ, ಅಲ್ವಾ?

ಇನ್ನೊಂದು ವಿಷಯ. ಅಳಿಸಿದ ತುಣುಕನ್ನು ವಿಂಡೋಸ್ ಅಪ್‌ಡೇಟ್ ಮತ್ತೆ ತಂದು ಹಾಕಬಹುದು. ನನಗೆ ಹಾಗೆ ಆಗಿದೆ. ದೊಡ್ಡ ಅಪ್‌ಡೇಟ್ ಬಂದ ಮೇಲೆ ಸೌಂಡ್ ಬದಲಾದಂತೆ ಅನಿಸಿದರೆ ಸಾಫ್ಟ್‌ವೇರ್ ಕಾಂಪೊನೆಂಟ್ ಗುಂಪಿನಲ್ಲಿ ತಾರೀಖು ನೋಡಿ. ಮ್ಯಾಕ್ ಬಳಸುವವರಿಗೆ ಈ ಸಾಫ್ಟ್‌ವೇರ್ ಇಲ್ಲ. ಅವರು ಲೈಬ್ರರಿ ಫೋಲ್ಡರಿನ ಆಡಿಯೊ, ಅದರೊಳಗಿನ ಪ್ಲಗ್-ಇನ್ಸ್, ಅದರೊಳಗಿನ ಎಚ್‌ಎಎಲ್ ಫೋಲ್ಡರ್ ತೆರೆದು ನೋಡಬೇಕು. ತೆಗೆದುಹಾಕಿದ ವರ್ಚುವಲ್ ಆಡಿಯೊ ಸಾಫ್ಟ್‌ವೇರಿನ ಡ್ರೈವರ್ ಉಳಿದಿದ್ದರೆ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ.