ಸೆಕೆಂಡ್ ಹ್ಯಾಂಡ್ ಬಾರ್, ಹೊಸ ಬಾರ್, ಮತ್ತೆ ಹುರುಳಿ ಕಾಳಿನಷ್ಟು ಒಂದು ಗಂಟು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹೊಸ ಬಾರ್‌ಗೆ. ಬಾರ್‌ಗೆ 52,000 ರೂಪಾಯಿ ಹಾಕಿದೆ ಅಂದಾಗ ನಮ್ಮ ಸೋದರಮಾವ ಗಾಬರಿಯಾಗಿ ಅಮ್ಮನಿಗೆ ಫೋನ್ ಮಾಡಿದ್ದರು. ಇದು ಆ ಬಾರ್ ಅಲ್ಲ. ಕೈಟ್‌ಬೋರ್ಡಿಂಗ್ ಅಂದರೆ ದೊಡ್ಡ ಗಾಳಿಪಟದ ಎಳೆತಕ್ಕೆ ಹಲಗೆ ಮೇಲೆ ನಿಂತು ನೀರ ಮೇಲೆ ಜಾರುವ ಆಟ. ಅದರಲ್ಲಿ ಪಟವನ್ನು ಹಿಡಿದು ಆಡಿಸುವ ಕೋಲಿಗೆ ಬಾರ್ ಅನ್ನುತ್ತಾರೆ. ಅದರಿಂದ ಇಪ್ಪತ್ತು ಚಿಲ್ಲರೆ ಮೀಟರ್ ಉದ್ದದ ನಾಲ್ಕು ದಾರ ಪಟಕ್ಕೆ ಹೋಗುತ್ತವೆ. ಎಳೆತ ಬೀಳುವುದು ಕೈ ಮೇಲಲ್ಲ, ಸೊಂಟಕ್ಕೆ ಬಿಗಿಯುವ ಪಟ್ಟಿ, ಅಂದರೆ ಹಾರ್ನೆಸ್ ಮೇಲೆ. ಬಾರ್ ಕೈಬಿಟ್ಟರೆ ಎಳೆತ ಕಮ್ಮಿಯಾಗುತ್ತದೆ, ಆದರೆ ಪಟ ನಿಮ್ಮನ್ನು ಬಿಡುವುದಿಲ್ಲ. ಬಿಡಿಸಿಕೊಳ್ಳಬೇಕು ಅಂದರೆ ಬಾರ್ ಕೆಳಗಿರುವ ಕೆಂಪು ಹಿಡಿಕೆ, ಅಂದರೆ ಕ್ವಿಕ್ ರಿಲೀಸ್, ಕೆಲಸ ಮಾಡಬೇಕು. ನನ್ನ ಹೋಲಿಕೆ ಮುಕ್ಕಾಲು ಪಾಲು ಆ ಹಿಡಿಕೆಯದ್ದೇ.

ತುಮಕೂರಲ್ಲಿ ಕಡಲು ಎಲ್ಲಿದೆ ಅಂತ ಕೇಳಬೇಡಿ, ಎಲ್ಲರೂ ಕೇಳಿ ಆಗಿದೆ. ಕಲಿತದ್ದು ರಾಮೇಶ್ವರದ ಹತ್ತಿರ, ಪಾಂಬನ್ ಕಡೆ. ವರ್ಷಕ್ಕೆ ಒಂದೋ ಎರಡೋ ಸಲ ಹೋಗುತ್ತೇನೆ. ಉಳಿದ ದಿನ ಶಿರಾ ರಸ್ತೆ ಕಡೆ ಒಂದು ಒಣಗಿದ ಕೆರೆ ಅಂಗಳದಲ್ಲಿ ಪಟ ಆಡಿಸುವ ಅಭ್ಯಾಸ.

ಸೆಕೆಂಡ್ ಹ್ಯಾಂಡ್ ಸೆಟ್ ತಗೊಂಡಿದ್ದು 38,000ಕ್ಕೆ. 9 ಚದರ ಮೀಟರಿನ ಪಟ, ಬಾರ್, ಪಂಪು ಎಲ್ಲ ಸೇರಿ. ಮಾರಿದವರು ಒಳ್ಳೆಯವರೇ, ಸುಳ್ಳು ಹೇಳಲಿಲ್ಲ. ನಾನೇ ಸರಿಯಾಗಿ ಕೇಳಲಿಲ್ಲ. ಪಟವನ್ನು ಬಿಸಿಲಿಗೆ ಹಿಡಿದು ತೂತು ಹುಡುಕಿದೆ, ಹೊಲಿಗೆ ನೋಡಿದೆ, ಗಾಳಿ ತುಂಬಿಸಿ ಒಂದು ರಾತ್ರಿ ಇಟ್ಟೆ. ಬಾರನ್ನು ಮಾತ್ರ ಹಾಗೇ ಚೀಲಕ್ಕೆ ಹಾಕಿಕೊಂಡು ಬಂದೆ.

ಆಮೇಲೆ ಮೇ ತಿಂಗಳು ಬಂತು. ಮಧ್ಯಾಹ್ನ ನಾಲ್ಕು ಗಂಟೆ. ಗಾಳಿ ಮೀಟರ್ 11 ನಾಟ್ (ಗಂಟೆಗೆ ಸುಮಾರು 20 ಕಿಲೋಮೀಟರ್) ತೋರಿಸಿತು, ಪಡುವಣ ಗಾಳಿ, ನೆಟ್ಟಗೆ ಬೀಸುತ್ತಿತ್ತು. ದೇವರಾಯನದುರ್ಗದ ಕಡೆ ಆಕಾಶ ಕಪ್ಪಗಿತ್ತು, ಆದರೆ ದೂರ ಇದೆಯಲ್ಲ ಅಂದುಕೊಂಡೆ. ಕುರಿ ಮೇಯಿಸುತ್ತಿದ್ದ ಅಜ್ಜ ಮಂದೆ ಹೊಡೆದುಕೊಂಡು ಏರಿ ಹತ್ತುತ್ತಾ ಕೂಗಿದರು: "ಮಳೆ ತಿರುಗ್ತಾ ಐತೆ ಕಣಪ್ಪ, ಕುರಿಗಳೇ ಮನೆ ಕಡೆ ಮುಖ ಮಾಡವೆ. ನೀನೇನು ಬಟ್ಟೆ ಹಾರಿಸ್ಕೊಂಡು ನಿಂತಿದೀಯ?" ನಾನು ನಗುತ್ತಾ ಕೈ ಬೀಸಿದೆ.

ಐದು ನಿಮಿಷಕ್ಕೆ ಗಾಳಿ ಪೂರ್ತಿ ನಿಂತಿತು. ಪಟ ತಲೆ ಮೇಲಿಂದ ಮೆಲ್ಲಗೆ ಜಾರತೊಡಗಿತು, ದಾರ ಸಡಿಲವಾಯಿತು. ಆಗಲೇ ಪಟ ಇಳಿಸಿ ಮಡಚಬೇಕಿತ್ತು. ಗುಡುಗು ಮಳೆಯ ಮೋಡದಿಂದ ತಣ್ಣನೆ ಗಾಳಿ ಭಾರವಾಗಿ ಕೆಳಗೆ ಬಿದ್ದು, ನೆಲಕ್ಕೆ ಬಡಿದು, ಸುತ್ತ ಹರಡುತ್ತದೆ. ಮಳೆ ಬೀಳುವ ಜಾಗಕ್ಕಿಂತ ಎಷ್ಟೋ ಕಿಲೋಮೀಟರ್ ಮುಂದೆ ಓಡಿ ಬರುತ್ತದೆ. ಮುಖಕ್ಕೆ ತಂಪು ತಗುಲಿತು, ಮಣ್ಣಿನ ವಾಸನೆ ಬಂತು, ಮೂಡಲ ಕಡೆಯಿಂದ ಕೆಂಪು ಧೂಳಿನ ಗೋಡೆ ಎದ್ದು ಬಂತು. ಗಾಳಿಯ ವೇಗ ಎರಡರಷ್ಟಾದರೆ ಪಟದ ಎಳೆತ ನಾಲ್ಕರಷ್ಟಾಗುತ್ತದೆ ಅಂತ ಪಾಠದಲ್ಲಿ ಕೇಳಿದ್ದೆ. ಅವತ್ತು ಸೊಂಟಕ್ಕೆ ಅರ್ಥವಾಯಿತು.

ಬಾರ್ ಕೈಬಿಟ್ಟೆ. ಆದರೂ ಎಳೆಯಿತು. ಕೆಂಪು ಹಿಡಿಕೆ ಎಳೆದೆ, ಅಲ್ಲಾಡಲಿಲ್ಲ. ಕೆರೆ ಮಣ್ಣು ನುಣ್ಣನೆ ಹಿಟ್ಟಿನ ಹಾಗೆ ಒಳಗೆ ಸೇರಿ ಕಚ್ಚಿಕೊಂಡಿತ್ತು. ಅಷ್ಟರಲ್ಲಿ ಬೋರಲು ಬಿದ್ದು ಹತ್ತಾರು ಮೀಟರ್ ಉಜ್ಜಿಕೊಂಡು ಹೋಗಿದ್ದೆ. ಎದುರಿಗೆ ಬಳ್ಳಾರಿ ಜಾಲಿಯ ಪೊದೆ. ಎರಡೂ ಕೈ ಹಾಕಿ ಜಗ್ಗಿದಾಗ ಬಿಟ್ಟುಕೊಂಡಿತು. ಸದ್ಯ ಅಂದುಕೊಂಡೆ.

ನಿಜವಾದ ಗೋಳು ಶುರುವಾಗಿದ್ದು ಅಲ್ಲಿಂದ. ರಿಲೀಸ್ ಆದಮೇಲೆ ಬಾರ್ ಮುಂದಿನ ಒಂದು ದಾರದ ಮೇಲೆ ಸರ್ರನೆ ಪಟದ ಕಡೆ ಜಾರಬೇಕು. ಆಗ ಪಟ ಒಂದೇ ದಾರಕ್ಕೆ ನೇತುಬಿದ್ದು ಬಾವುಟದ ಹಾಗೆ ಪಟಪಟ ಅನ್ನುತ್ತದೆ, ಎಳೆಯುವುದಿಲ್ಲ. ನನ್ನದು ಅರ್ಧಕ್ಕೆ ನಿಂತಿತು. ಪಟ ಸತ್ತೂ ಸಾಯದೆ ನೆಲಕ್ಕೆ ಬಡಿಯುತ್ತಾ, ಮತ್ತೆ ಏಳುತ್ತಾ ಗಿರಕಿ ಹೊಡೆಯಿತು. ಒಂದೊಂದು ಗಿರಕಿಗೂ ನನಗೊಂದು ಜಗ್ಗು. ಕೊನೆಗೆ ಲೀಶ್, ಅಂದರೆ ಆ ಒಂದು ದಾರವನ್ನು ನನ್ನ ಹಾರ್ನೆಸ್‌ಗೆ ಹಿಡಿದಿಟ್ಟಿದ್ದ ಪಟ್ಟಿ, ಬಿಚ್ಚಿದೆ. ಅದು ಕಟ್ಟಕಡೆಯ ದಾರಿ, ಯಾಕೆಂದರೆ ಆಮೇಲೆ ಪಟ ಯಾರ ಮೇಲೆ ಬೀಳುತ್ತದೋ ನಿಮ್ಮ ಕೈಯಲ್ಲಿಲ್ಲ. ನನ್ನದು ಪಕ್ಕದ ತೆಂಗಿನ ತೋಟಕ್ಕೆ ಹೋಗಿ ಗರಿಗೆ ಸಿಕ್ಕಿಕೊಂಡಿತು. ತೋಟದಲ್ಲಿ ಆಗ ಯಾರೂ ಇರಲಿಲ್ಲ, ನನ್ನ ಪುಣ್ಯ.

ಮೊಣಕೈಗೆ ಅರಿಶಿನ ಹಚ್ಚಿಕೊಂಡು ರಾತ್ರಿ ಪಡಸಾಲೆಯಲ್ಲಿ ದಾರ ಹಾಸಿ ಬೆರಳಲ್ಲಿ ಸವರುತ್ತಾ ಹೋದೆ. ಸಿಕ್ಕಿತು. ಮುಂದಿನ ದಾರದಲ್ಲಿ ಹುರುಳಿ ಕಾಳಿನಷ್ಟು ಒಂದು ಗಂಟು. ದಾರ ಒಂದು ಕಡೆ ಉದ್ದವಾಯಿತು ಅಂತ ಯಾರೋ ಸರಿಮಾಡಲು ಹಾಕಿದ್ದಿರಬೇಕು. ಪಟ ಹಾರುವಾಗ ಅದರಿಂದ ಏನೂ ತೊಂದರೆಯಿಲ್ಲ, ಒಂದು ದಿನವೂ ಗೊತ್ತಾಗಿರಲಿಲ್ಲ. ಬಾರ್ ಮಧ್ಯದ ತೂತು ಆ ಗಂಟಿಗಿಂತ ಒಂದು ಕೂದಲು ಸಣ್ಣದು, ಅಷ್ಟೇ. ಬೆಂಕಿ ಆರಿಸುವ ಸಿಲಿಂಡರ್ ಖಾಲಿಯಿದೆ ಅಂತ ಬೆಂಕಿ ಬಿದ್ದ ದಿನವೇ ತಾನೇ ಗೊತ್ತಾಗುವುದು?

ಪಟದ ಒಳಗೆ ಗಾಳಿ ತುಂಬುವ ಟ್ಯೂಬಿಗೆ, ಅಂದರೆ ಬ್ಲಾಡರ್‌ಗೆ, ಎರಡು ತೂತಾಗಿದ್ದವು. ಗುಬ್ಬಿ ಗೇಟ್ ಹತ್ತಿರದ ಪಂಚರ್ ಅಂಗಡಿಯವನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ನೋಡಿ ಹುಡುಕಿಕೊಟ್ಟ. "ಯಾವ ಗಾಡಿ ಟ್ಯೂಬ್ ಸಾರ್ ಇದು, ಇಷ್ಟುದ್ದ?" ಅಂದ.

ಈಗ ಹೊಸ ಬಾರ್. ಇದರ ರಿಲೀಸ್ ಎಳೆಯುವುದಲ್ಲ, ಮೈಯಿಂದ ಆಚೆಗೆ ತಳ್ಳುವುದು. ಪಟ ಎಳೆಯುತ್ತಿರುವ ದಿಕ್ಕಿಗೇ ಕೈ ಹೋಗುತ್ತದೆ, ಗಾಬರಿಯಲ್ಲೂ ಸಲೀಸು. ಇಂಥ ರಿಲೀಸ್‌ಗಳಿಗೆ ಐಎಸ್‌ಒ 21853 ಅಂತ ಒಂದು ಮಾನದಂಡ 2020ರಲ್ಲಿ ಬಂತು. ಎಷ್ಟು ಬಲಕ್ಕೆ ಬಿಟ್ಟುಕೊಳ್ಳಬೇಕು ಅನ್ನುವುದೆಲ್ಲ ಅದರಲ್ಲಿದೆ. ತಗೊಳ್ಳುವಾಗ ನಾನು ಕೇಳಿದ ಮೊದಲ ಪ್ರಶ್ನೆ ಅದೇ. ಕಳೆದ ಜುಲೈಯಲ್ಲಿ ಪಾಂಬನ್‌ಗೆ ಒಯ್ದಿದ್ದೆ. ನೀರಲ್ಲಿ ಬೇಕಂತಲೇ ಆರು ಸಲ ರಿಲೀಸ್ ಮಾಡಿದೆ, ಎಡಗೈಯಲ್ಲಿ ಮೂರು, ಬಲಗೈಯಲ್ಲಿ ಮೂರು. ಆರೂ ಸಲ ಪಟ ತೆಪ್ಪಗೆ ಮಲಗಿತು. ಮತ್ತೆ ಜೋಡಿಸುವುದು ಅಲೆಯ ನಡುವೆಯೂ ಒಂದೇ ಕೈಯಲ್ಲಿ ಆಗುತ್ತದೆ. ಹಳೆಯದಕ್ಕೆ ಮೂರು ಕೈ ಬೇಕಿತ್ತು.

ದೂರು ಇಲ್ಲ ಅಂತಲ್ಲ. ದಪ್ಪ ಜಾಸ್ತಿ, ನನ್ನ ಅಂಗೈಗೆ ನೋವು ಬರುತ್ತದೆ. ಹಳೇ ಪಟದ ಕೊಂಡಿಗೂ ಹೊಸ ದಾರದ ಕುಣಿಕೆಗೂ ಹೊಂದದೆ ಚಿಕ್ಕ ದಾರದ ತುಂಡು ಬೇರೆ ತರಿಸಬೇಕಾಯಿತು. ಬೆಲೆ ಅಂತೂ ಬಿಡಿ.

ಮೂರನೆಯದು ಟ್ರೇನರ್, ಅಂದರೆ ಕಲಿಯುವವರ ಚಿಕ್ಕ ಪಟ. 3 ಚದರ ಮೀಟರ್, ಎರಡೇ ದಾರ, ಗಾಳಿ ತುಂಬಿಸುವ ಗೋಜಿಲ್ಲ. ಕೈಬಿಟ್ಟರೆ ಮುಂಗೈ ಪಟ್ಟಿ ಒಂದು ದಾರವನ್ನು ಹಿಡಿದುಕೊಂಡು ಪಟ ಬಿದ್ದುಹೋಗುತ್ತದೆ. ನಮ್ಮ ಕೆರೆ ಅಂಗಳಕ್ಕೆ ಇದೇ ಸರಿ. ಆಷಾಢದ ಗಾಳಿಗೆ ಇದೇ ರಟ್ಟೆ ಕೀಳುತ್ತದೆ. 9 ಮೀಟರಿನದನ್ನು ನೆಲದ ಮೇಲೆ ಹಾರಿಸಿದ್ದು ಶುದ್ಧ ದಡ್ಡತನ, ಈಗ ಮಾಡುವುದಿಲ್ಲ.

ಗಾಳಿ ಮೀಟರ್: ಇಟ್ಟುಕೊಂಡಿದ್ದೇನೆ. ಆದರೆ ಅದು ಹೇಳುವುದು ಈಗಿನ ಗಾಳಿ, ಐದು ನಿಮಿಷ ಬಿಟ್ಟು ಬರುವುದನ್ನಲ್ಲ. ಆ ವಿಷಯದಲ್ಲಿ ಕುರಿ ವಾಸಿ.

ಕೊಕ್ಕೆ ಚಾಕು: ದಾರ ಸುತ್ತಿಕೊಂಡರೆ ಕೊಯ್ಯಲು, ಹಾರ್ನೆಸ್‌ಗೆ ಸಿಕ್ಕಿಸಿಕೊಳ್ಳಿ. ಬಿಗಿದ ದಾರ ಬೆರಳು ಕತ್ತರಿಸುತ್ತದೆ.

ಸಿಡಿಲಿಗೆ: ಊರಲ್ಲಿದ್ದರೆ ನಮ್ಮ ರಾಜ್ಯದ ಸಿಡಿಲು ಆ್ಯಪ್, ರಾಮೇಶ್ವರಕ್ಕೆ ಹೋದರೆ ಪುಣೆಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್. ಫೋನ್ ಕಾರಲ್ಲಿದ್ದರೆ ಎಣಿಸಿ. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಗುಡುಗಿದರೆ ಪಟ ಕೆಳಗಿರಬೇಕು. ಕೊನೇ ಗುಡುಗು ಕೇಳಿದ ಮೇಲೂ ಅರ್ಧ ಗಂಟೆ ಮುಟ್ಟಬೇಡಿ. ಒದ್ದೆ ದಾರ ಹಿಡಿದುಕೊಂಡು ಬಯಲಲ್ಲಿ ನಿಲ್ಲುವುದು ಬೇಡವೇ ಬೇಡ. ಹೊಸ ಬಾರ್ ಇದೆ ಅಂತ ಮೋಡ ಕಟ್ಟಿದಾಗ ಇಳಿಯುವವರನ್ನೂ ನೋಡಿದ್ದೇನೆ. ರಿಲೀಸ್ ಎಷ್ಟೇ ಚೆನ್ನಾಗಿರಲಿ, ಗಾಳಿ ನಿಮ್ಮನ್ನು ನೆಲ ಬಿಡಿಸಿ ಮೇಲೆತ್ತಿದ ಮೇಲೆ ಅದನ್ನು ಒತ್ತಿದರೆ ಬೀಳುವುದು ನೀವೇ.

ನಿಮ್ಮ ಹತ್ತಿರ ಒಟ್ಟು 80,000 ಇದ್ದರೆ ಪಟ ಹಳೆಯದು ತಗೊಳ್ಳಿ, ಬಾರ್ ಹೊಸದು ತಗೊಳ್ಳಿ. ಪಟ ಹರಿದರೆ ಹೊಲಿಯಬಹುದು. ನನ್ನ ಹಾಗೆ ವರ್ಷಕ್ಕೆ ಹತ್ತು ದಿನ ಮಾತ್ರ ನೀರಿಗಿಳಿಯುವವರಿಗೆ ಹಳೇ ಪಟ ಧಾರಾಳ ಸಾಕು. ದಿನಾ ಇಳಿಯುವವರ ಲೆಕ್ಕ ಬೇರೆ. 15,000 ಮಾತ್ರ ಇದ್ದರೆ ಟ್ರೇನರ್ ತಗೊಂಡು ಆಷಾಢಕ್ಕೆ ಕಾಯಿರಿ. ಯಾವ ಬಾರ್ ಆದರೂ ಸರಿ, ಪ್ರತಿ ಸಲ ಹಾರಿಸುವ ಮುಂಚೆ ಒಮ್ಮೆ ರಿಲೀಸ್ ಒತ್ತಿ, ಬಾರ್ ಪೂರ್ತಿ ಜಾರುತ್ತದಾ ನೋಡಿ. ನನಗೆ ಈಗ ಎರಡು ನಿಮಿಷ ಹಿಡಿಯುತ್ತದೆ.

ಹಳೇ ಬಾರ್ ಬೇಕು ಅಂತ ಇಬ್ಬರು ಕೇಳಿದರು, ಕೊಡಲಿಲ್ಲ. ದಾರ ಬಿಚ್ಚಿ ಅಮ್ಮನಿಗೆ ಕೊಟ್ಟೆ. ಹಿತ್ತಲಲ್ಲಿ ಕಟ್ಟಿ ಹೀರೆ ಬಳ್ಳಿ ಹಬ್ಬಿಸಿದ್ದಾರೆ. ಎಷ್ಟು ಗಾಳಿಗೂ ಜಗ್ಗುವುದಿಲ್ಲ ಅಂತ ಹೊಗಳುತ್ತಾರೆ.